ಪಂಡಿತರ ಅಂಗಡಿಗೆ ಸಕ್ಕರೆ ತಂದವರು

ನಮ್ಮ ಬೀದಿಯ ಒಬ್ಬ ಹುಡುಗಿಗೆ ಹೋದ ತಿಂಗಳು ಗಿಡಮೂಲಿಕೆ ಔಷಧಿಗಳ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಗಾಜಿನ ಬಾಗಿಲು, ಒಳಗೆ ತಣ್ಣನೆಯ ಗಾಳಿ, ಸಾಲಾಗಿ ನಿಲ್ಲಿಸಿದ ಹಸಿರು ಡಬ್ಬಿಗಳು. ಅವಳು ಬಂದು, "ಆಂಟಿ, ನೀವೂ ಇದೇ ಲೈನಲ್ಲಿ ಇದ್ರಂತಲ್ಲ. ನಲವತ್ತೈದು ದಾಟಿದ ಲೇಡೀಸ್‌ಗೆ ಏನ್ ಕೊಡ್ಬೇಕು, ಸ್ವಲ್ಪ ಹೇಳ್ಕೊಡಿ" ಎಂದಳು. ಏನು ಕೊಡಬೇಕು ಎಂಬುದು ಅವಳ ಡಬ್ಬಿಗಳ ಮೇಲೆಯೇ ಅಚ್ಚಾಗಿದೆ. ನಾನು ಹನ್ನೊಂದು ವರ್ಷ ಅಂಥ ಕೆಲಸದಲ್ಲಿ ಕೂತು ಕಲಿತದ್ದು ಬೇರೆ. ಅದನ್ನು ನಾನು ಕಲಿಯುವಷ್ಟರಲ್ಲಿ ಪಿಳ್ಳಮ್ಮ ಎಂಬ ಹೆಂಗಸಿನ ಜೀವ ಹೋಗಿತ್ತು. ಬಾಯಿಬಿಟ್ಟು ಹೇಳುವ ವಿಷಯದಲ್ಲಿ ನಾನು ಮೊದಲಿನಿಂದಲೂ ಹಿಂದೆ. ಹಾಗಾಗಿ ಬರೆದು ಕೊಡುತ್ತಿದ್ದೇನೆ.

ಎಪ್ಪತ್ತರ ದಶಕದ ನಡುವೆ ಆರ್.ಟಿ. ನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಯಜಮಾನರಿಗೆ ಯಶವಂತಪುರದ ಕಡೆ ಕಾರ್ಖಾನೆ ಕೆಲಸ, ಮಕ್ಕಳಿಬ್ಬರೂ ಸ್ಕೂಲು. ಹನ್ನೊಂದರಿಂದ ಮೂರರವರೆಗೆ ಮನೆಯಲ್ಲಿ ನಾನು ಮತ್ತು ಗೋಡೆ ಗಡಿಯಾರ. ಮುಖ್ಯರಸ್ತೆಯಲ್ಲಿ ಪಂಡಿತರ ಅಂಗಡಿ ಇತ್ತು. ಅವರ ಹೆಂಡತಿ ಇರುವವರೆಗೆ ಹೆಂಗಸರ ಕಷ್ಟಸುಖವನ್ನು ಆಕೆಯೇ ಕೇಳುತ್ತಿದ್ದರಂತೆ. ಆಕೆ ಹೋದ ಮೇಲೆ ಹೆಂಗಸರು ಬಾಗಿಲವರೆಗೆ ಬಂದು, ಗಂಡಸೊಬ್ಬನೇ ಕೂತದ್ದು ಕಂಡು, ಕಾಲು ಕೆಜಿ ಜೀರಿಗೆ ಕೊಂಡು ಹಿಂದಿರುಗುತ್ತಿದ್ದರು. ಹಾಗಾಗಿ ಪಂಡಿತರು ನನ್ನನ್ನು ಕೇಳಿದರು. "ಕಾನ್ವೆಂಟಿನಲ್ಲಿ ಓದಿದವರು, ಅಕ್ಷರ ದುಂಡಗಿದೆ, ಮಾತು ಮೃದು. ಇನ್ನೇನು ಬೇಕು ಸುಶೀಲಮ್ಮನವರೇ?" ಎಂದರು. ಆ ಮೃದು ಮಾತನ್ನು ನಾನೂ ಒಂದು ಗುಣವೆಂದೇ ನಂಬಿದ್ದೆ.

ಕೆಲಸದ ಕ್ರಮ ಹೀಗಿತ್ತು. ಹನ್ನೊಂದರಿಂದ ಮೂರು ಹೆಂಗಸರ ಹೊತ್ತು. ಅಂಗಡಿಯ ನಡುವೆ ಒಂದು ನೀಲಿ ಪರದೆ. ಮುಂದೆ ನಾನು, ನನ್ನೆದುರು ಒಂದು ಬೆಂಚು. ಪರದೆಯ ಹಿಂದೆ ಪಂಡಿತರು, ಅವರ ಹಿತ್ತಾಳೆಯ ತಕ್ಕಡಿ, ಗೋಡೆಯ ತುಂಬ ಸಣ್ಣ ಸಣ್ಣ ಮರದ ಡ್ರಾಯರುಗಳು. ಬಂದವಳು ನನಗೆ ಹೇಳಬೇಕು. ನಾನು ಎದ್ದು ಒಳಗೆ ಹೋಗಿ ಪಂಡಿತರಿಗೆ ಹೇಳಬೇಕು. ಅವರು ಪುಡಿಯನ್ನೋ ಚೆಕ್ಕೆಯನ್ನೋ ತೂಗಿ, ಕಾಗದದಲ್ಲಿ ಮಡಿಸಿಯೋ ಬಾಟಲಿಗೆ ತುಂಬಿಯೋ ಕೊಡುತ್ತಿದ್ದರು. ನಾನು ತಂದು ಕೈಗಿಡುತ್ತಿದ್ದೆ. ಅವರು ರೋಗಿಯ ಮುಖ ನೋಡುತ್ತಿರಲಿಲ್ಲ, ಅವಳು ಅವರ ಮುಖ ನೋಡುತ್ತಿರಲಿಲ್ಲ. ಅದನ್ನು ಎಲ್ಲರೂ ಮರ್ಯಾದೆ ಎಂದೇ ಮೆಚ್ಚಿದ್ದರು. ಇಬ್ಬರ ನಡುವೆ ಹಾಯುವ ಮಾತೆಲ್ಲ ನನ್ನ ಬಾಯಿಯಿಂದಲೇ ಹಾಯಬೇಕಿತ್ತು.

ನಾನು ಕಾನ್ವೆಂಟಿನಲ್ಲಿದ್ದಾಗ ವಿಜ್ಞಾನದ ಪುಸ್ತಕ ಕೈಗೆ ಕೊಡುವ ಮೊದಲು ಸಿಸ್ಟರ್ ಒಬ್ಬರು ಅದರ ಎರಡು ಪುಟಗಳನ್ನು ಸೇರಿಸಿ ಗುಂಡುಸೂಜಿ ಚುಚ್ಚಿದ್ದರು. ಆ ಸೂಜಿಯನ್ನು ನಾನು ವರ್ಷವಿಡೀ ತೆಗೆಯಲಿಲ್ಲ. ತರಗತಿಯಲ್ಲಿ ಬಹಳ ಹುಡುಗಿಯರು ತೆಗೆದು ನೋಡಿದ್ದರು. ನಾನು ನೋಡದವಳು ಎಂದು ನನಗೆ ಹೆಮ್ಮೆಯೂ ಇತ್ತು. ಪಂಡಿತರ ಅಂಗಡಿಗೆ ಬಂದಾಗ ನನಗೆ ಮೂವತ್ತೇಳು ವರ್ಷ, ಎರಡು ಮಕ್ಕಳ ತಾಯಿ. ಆದರೂ ಪರದೆಯ ಆಚೆ ಹೋಗುವಾಗ ಹೆಂಗಸರ ಮಾತೆಲ್ಲ ನನ್ನ ನಾಲಿಗೆಯ ಮೇಲೆ ಸಣ್ಣದಾಗುತ್ತಿತ್ತು. "ತಿಂಗಳಿಗೆ ಎರಡು ಸಲ, ಗಡ್ಡೆಗಡ್ಡೆಯಾಗಿ ಹೋಗ್ತದೆ" ಎಂದು ಅವಳು ಅತ್ತರೆ, ಒಳಗೆ ನಾನು "ಸ್ವಲ್ಪ ಹೆಚ್ಚಾಗಿದೆಯಂತೆ" ಎನ್ನುತ್ತಿದ್ದೆ. "ಬೆಂಕಿ ಹತ್ತಿದಂಗೆ ಆಗಿ ಸೀರೆ ಎಲ್ಲ ನೆನೀತದೆ" ಎಂದರೆ "ಉಷ್ಣವಂತೆ" ಎನ್ನುತ್ತಿದ್ದೆ. ಪಂಡಿತರು ಕಣ್ಣು ಮುಚ್ಚಿ ಕೇಳಿ ತಲೆಯಾಡಿಸುತ್ತಿದ್ದರು. ನಾನು ಹೇಳಿದ್ದು ಸಾಲುತ್ತದೆ ಎಂದು ಇಬ್ಬರೂ ತಿಳಿದಿದ್ದೆವು.

ಬರುವವರನ್ನು ಗುರುತಿಸುವುದು ಬೇಗ ಅಭ್ಯಾಸವಾಯಿತು. ಮುಟ್ಟು ನಿಲ್ಲುವ ಕಾಲದವರು ಬಂದ ಕೂಡಲೇ ಕೂರುತ್ತಿರಲಿಲ್ಲ. ನೆಂಟರ ಮದುವೆಯ ಲಗ್ನಪತ್ರಿಕೆಯಲ್ಲಿ ಗಾಳಿ ಹಾಕಿಕೊಳ್ಳುತ್ತ ನಿಲ್ಲುವರು. ಮಾಘದ ಚಳಿಯಲ್ಲೂ ಕುತ್ತಿಗೆಯ ಹಿಂದೆ ಕೂದಲು ಒದ್ದೆ. ಮೊದಲು ಮೆಂತ್ಯ ಕೇಳುವರು, ಆಮೇಲೆ ಮಗಳಿಗೆಂದು ಸೀಗೆಪುಡಿ. ಕೊನೆಗೆ "ನಮ್ಮ ವಾರಗಿತ್ತಿಗೆ ನಿದ್ದೇನೇ ಬರಲ್ವಂತೆ" ಎಂದು ತಮ್ಮ ಕತೆಯನ್ನೇ ಹೇಳುವರು. ಸುಮ್ಮಸುಮ್ಮನೆ ಕಣ್ಣಲ್ಲಿ ನೀರು ಬಂದರೆ ಈರುಳ್ಳಿಯ ನೆಪ ಹೇಳುತ್ತಿದ್ದರು. ನಮ್ಮ ಅಂಗಡಿಯಲ್ಲಿ ಈರುಳ್ಳಿ ಇರಲಿಲ್ಲ.

ಉರಿ, ಬೆವರು, ನಿದ್ದೆಗೇಡಿಗೆ ಶತಾವರಿ ಬೇರಿನ ಪುಡಿ, ಹಾಲಿನಲ್ಲಿ. ಹೆಸರಘಟ್ಟದ ಕಡೆಯವರು ಅದನ್ನು ಹಲವು ಮಕ್ಕಳ ತಾಯಿ ಬೇರು ಎಂದು ಕರೆದು ಗೋಣಿಚೀಲದಲ್ಲಿ ತರುತ್ತಿದ್ದರು. ಹೆಚ್ಚು ಹೋಗುವವರಿಗೆ ಅಶೋಕದ ಚೆಕ್ಕೆಯ ಕಷಾಯ. ಅಂಗಾಲು ಉರಿಗೆ ನೆಲ್ಲಿ, ಲಾವಂಚ. ಕೆಲವರಿಗೆ ನಿಜವಾಗಿ ಅನುಕೂಲವಾಯಿತು. ಬೇರಿನಿಂದಲೋ, ಮನೆಯಲ್ಲಿ ಮೊದಲ ಸಲ ತನಗೆಂದು ಒಂದು ಲೋಟ ಹಾಲು ಕಾಯಿಸಿಕೊಂಡದ್ದರಿಂದಲೋ, ಹತ್ತು ನಿಮಿಷ ಬೆಂಚಿನ ಮೇಲೆ ಕೂತದ್ದರಿಂದಲೋ ನನಗೆ ಈಗಲೂ ತಿಳಿಯದು. ಬೇರು ಎಂದರೆ ಕೆಡುಕು ಮಾಡದು ಎಂದು ಮಾತ್ರ ನಾವೆಲ್ಲ ನಂಬಿದ್ದೆವು. ಇಂಗ್ಲಿಷ್ ಔಷಧಿಯಾದರೆ ಭಯ ಇರುತ್ತಿತ್ತು, ಪ್ರಶ್ನೆ ಹುಟ್ಟುತ್ತಿತ್ತು. ಬೇರಿಗೆ ಯಾರು ಪ್ರಶ್ನೆ ಕೇಳುತ್ತಾರೆ?

ಪಂಡಿತರ ಸಿದ್ಧಾಂತ ಒಂದೇ. "ಒಳಗೆ ನಿಂತದ್ದು ಮೇಲಕ್ಕೇರ್ತದೆ, ಅದೇ ಈ ಉರಿ. ದಾರಿ ಬಿಟ್ಟುಕೊಟ್ಟರೆ ಕೆಳಗಿಳೀತದೆ" ಎನ್ನುತ್ತಿದ್ದರು. ಪರದೆಯ ಹಿಂದಿನಿಂದ ಜೋರಾಗಿಯೇ ಹೇಳುತ್ತಿದ್ದರಿಂದ ಬೆಂಚಿನವರಿಗೆಲ್ಲ ಬಾಯಿಪಾಠವಾಗಿತ್ತು. ಇನ್ನೊಂದು ಪದ್ಧತಿ ಅವರ ಹೆಂಡತಿಯ ಕಾಲದಿಂದ ನಡೆದು ಬಂದದ್ದು. ಗುಣವಾದವಳು ಒಂದು ಹಿಡಿ ಸಕ್ಕರೆಯನ್ನು ಕಾಗದದಲ್ಲಿ ಕಟ್ಟಿ ತಂದು ಕೊಡಬೇಕು. ದೇವರ ಪಟದ ಕೆಳಗೆ ಅದಕ್ಕೊಂದು ತಗಡಿನ ಡಬ್ಬಿ. ಸಕ್ಕರೆ ಡಬ್ಬಿಗೆ ಬಿದ್ದ ಮೇಲೆ ನಾನು ನೋಟ್‌ಬುಕ್ಕಿನಲ್ಲಿ ಅವಳ ಹೆಸರಿನ ಮುಂದೆ 'ಗುಣ' ಎಂದು ಬರೆಯುತ್ತಿದ್ದೆ. ಎರಡು ಗಂಟೆಯ ನಮ್ಮ ಕಾಫಿಗೆ ಆ ಡಬ್ಬಿಯದೇ ಸಕ್ಕರೆ.

ಪಿಳ್ಳಮ್ಮ ನನಗೆ ಪರಿಚಯವಾದದ್ದು ನಮ್ಮ ಒಂದು ತಪ್ಪಿನಿಂದ. ಆಕೆ ಹೆಬ್ಬಾಳದ ಕೆರೆಯ ಹಿಂದಿನ ಹಳ್ಳಿಯವಳು. ಕೆರೆಯಂಚಿನಲ್ಲಿ ಸೊಪ್ಪು ಬೆಳೆದು, ಬುಟ್ಟಿಯಲ್ಲಿ ಹೊತ್ತು ನಮ್ಮ ರಸ್ತೆಗಳಲ್ಲಿ ಮಾರುತ್ತಿದ್ದಳು. ಒಂದು ದಿನ ಅಂಗಡಿಯ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದಾಗ, ಬಿಸಿಲಿಗೆ ಹರವಿದ್ದ ಅಶೋಕದ ಚೆಕ್ಕೆಯನ್ನು ಎತ್ತಿ ಮುರಿದು ಮೂಸಿದಳು.

"ಇದೇನಮ್ಮಣ್ಣಿ?"

"ಅಶೋಕದ ಚೆಕ್ಕೆ ಪಿಳ್ಳಮ್ಮ. ಹೆಂಗಸರ ಔಷಧಿಗೆ."

ಅವಳು ಹಲ್ಲು ಬಿಟ್ಟು ನಕ್ಕಳು. "ಅಯ್ಯೋ, ಯಾರೋ ನಿಮಗೆ ಟೋಪಿ ಆಕವ್ರೆ! ಇದು ಬಂಗ್ಲೆ ಗೇಟ್ ತಾವ ಪೊಲೀಸ್ನೋರಂಗೆ ನೆಟ್ಟಗೆ ನಿಂತಿರ್ತದಲ್ಲ, ಆ ಮರದ್ದು. ಕೆಂಪು ಊವು ಬುಡೋ ಅಸೋಕನೇ ಬ್ಯಾರೆ, ಅದರ ಚೆಕ್ಕೆನೇ ಬ್ಯಾರೆ. ಇದನ್ನ ಕುದಿಸಿ ಕುಡುದ್ರೆ ನೀರು ಕುಡುದಂಗೆ."

ಪಂಡಿತರು ಪರದೆ ಸರಿಸಿ ಹೊರಗೆ ಬಂದರು. ಹೆಂಗಸರ ಹೊತ್ತಿನಲ್ಲಿ ಅವರು ಹಾಗೆ ಬಂದದ್ದು ನಾನು ಕಂಡದ್ದು ಅದೊಂದೇ ಸಲ. ಚೆಕ್ಕೆಯನ್ನು ತಿರುಗಿಸಿ ನೋಡಿ ಅವರ ಮುಖ ಬಾಡಿತು. ಯಶವಂತಪುರದ ಮಂಡಿಯಿಂದ ತಂದ ಒಂದು ಮೂಟೆ ಅದು, ಆರು ತಿಂಗಳಿಂದ ಮಾರುತ್ತಿದ್ದೆವು. ನೋಟ್‌ಬುಕ್ ತೆಗೆದು ನೋಡಿದೆ. ಆ ಚೆಕ್ಕೆ ಕೊಂಡ ಹೆಂಗಸರಲ್ಲಿ ಒಂಬತ್ತು ಮಂದಿ ಸಕ್ಕರೆ ತಂದಿದ್ದರು. ಒಂಬತ್ತು ಸಲ 'ಗುಣ' ಎಂದು ದುಂಡಗೆ ಬರೆದಿದ್ದೆ. ಸಕ್ಕರೆಯ ಸಾಕ್ಷಿಯನ್ನು ನಂಬಬಾರದು ಎಂದು ಆ ದಿನವೇ ನನಗೆ ಹೊಳೆಯಬೇಕಿತ್ತು. ಪಂಡಿತರು ಮೂಟೆಯನ್ನು ಒಲೆಗೆ ಹಾಕಿಸಿದರು, ನಾವು ಮೂವರೂ ನಕ್ಕೆವು. ನಾನು ಪಿಳ್ಳಮ್ಮನಿಗೆ ಕಾಫಿ ಕೊಟ್ಟೆ.

ಅಂದಿನಿಂದ ಅವಳು ದಿನವೂ ಕಟ್ಟೆಯ ಮೇಲೆ ಕೂರುವುದು ರೂಢಿಯಾಯಿತು. ನಾನು 'ನೀವು' ಎಂದರೆ ಬಾಯಿಗೆ ಸೆರಗು ಮುಚ್ಚಿ ನಗುತ್ತಿದ್ದಳು. "ನಮ್ಮನೆ ಎಮ್ಮೇನೂ ನೀವು ಅಂತೀರೇನೋ, ಬಂದು ನೋಡಿ" ಎಂದು ಗೇಲಿ ಮಾಡುತ್ತಿದ್ದಳು. ದಂಟಿನ ಸೊಪ್ಪಿನ ಕಟ್ಟಿಗೆ ಬಾಳೆನಾರು ಕಟ್ಟುವಾಗ ಅವಳ ಹೆಬ್ಬೆರಳಿನ ಹಸಿರು ಕಲೆ, ಎಡಕಿವಿಯಲ್ಲಿ ಮಾತ್ರ ಉಳಿದಿದ್ದ ಓಲೆ, ನಡೆಯುವಾಗ ಬಲಗಾಲನ್ನು ಸ್ವಲ್ಪ ಹೊರಕ್ಕೆ ಹಾಕುವ ರೀತಿ, ಇವೆಲ್ಲ ನನಗೆ ಈಗಲೂ ಕಣ್ಣಿಗೆ ಕಟ್ಟುತ್ತವೆ. ಸಣ್ಣದನ್ನೆಲ್ಲ ಗಮನಿಸುವ ಸ್ವಭಾವ ನನ್ನದು. ಅದಕ್ಕೇ ನನಗೆ ಕ್ಷಮೆಯಿಲ್ಲ.

ಒಂದು ಬೇಸಿಗೆಯಲ್ಲಿ ಅವಳು ಒದ್ದೆ ಗೋಣಿಯನ್ನು ಸೊಪ್ಪಿನ ಮೇಲಿಂದ ತೆಗೆದು ತನ್ನ ನೆತ್ತಿಯ ಮೇಲೆ ಹಾಕಿಕೊಂಡು ಕೂತಿದ್ದಳು. ಮುಖ, ಕತ್ತು ಕೆಂಪಾಗಿತ್ತು.

"ನನಗೂ ಸುರುವಾಗೈತೆ ಕಣಮ್ಮಣ್ಣಿ, ಬೆಂಚಿನೋರ ಕಾಯಿಲೆ" ಎಂದಳು. "ನಿಂತು ಎಲ್ಡು ವರ್ಸ ಆಯ್ತು. ಅತ್ತೆ ಇದ್ದಿದ್ರೆ, ಪೀಡೆ ತೊಲಗ್ತು ಅಂತ ಒಬ್ಬಟ್ಟು ಮಾಡೋಳು. ಆದ್ರೆ ಈ ಉರಿ! ಕೆರೆಗೆ ಬಿದ್ದು ಅಲ್ಲೇ ಇರಾನ ಅನ್ಸುತ್ತೆ. ನಿದ್ದೆ ಅನ್ನೋದು ಕಂಡಿಲ್ಲ."

ನಾನು ಒಳಗೆ ಹೋಗಿ "ಪಿಳ್ಳಮ್ಮನಿಗೆ ಉಷ್ಣವಂತೆ, ನಿದ್ದೆಯಿಲ್ಲವಂತೆ" ಎಂದೆ. ಪಂಡಿತರು ಶತಾವರಿಯನ್ನು ಧಾರಾಳವಾಗಿ ತೂಗಿ, ಇನ್ನೂ ಎರಡು ಡ್ರಾಯರಿನಿಂದ ಏನೋ ಬೆರೆಸಿ, ಅಗಲ ಬಾಯಿಯ ಬಾಟಲಿಗೆ ತುಂಬಿದರು. ಅವಳ ಎಮ್ಮೆಯ ಹಾಲಿನಲ್ಲೇ ತೆಗೆದುಕೊಳ್ಳಲು ಹೇಳಿದೆ. ತಿಂಗಳೊಪ್ಪತ್ತಿನಲ್ಲಿ ನಿದ್ದೆ ಬಂತು ಎಂದಳು. ಖಾಲಿ ಬಾಟಲಿ ತಂದವರಿಗೆ ಮತ್ತೆ ಅದನ್ನೇ ತುಂಬಿ ಕೊಡುವುದು ನಮ್ಮ ಕ್ರಮ, ಏನೂ ಕೇಳುವಂತಿರಲಿಲ್ಲ. ಅವಳ ಬಾಟಲಿ ಮೂರು ಸಲ ತುಂಬಿತು.

ನಾಲ್ಕನೆಯ ಸಲ ಬಾಟಲಿಯ ಜೊತೆ ಒಂದು ಕಾಗದದ ಪೊಟ್ಟಣವಿತ್ತು.

"ಏನ್ ಪಿಳ್ಳಮ್ಮ, ಸಕ್ಕರೆ?"

"ಇಳೀತು ಕಣಮ್ಮಣ್ಣಿ."

"ಏನು?"

ಅವಳು ಬೆಂಚಿನ ಕಡೆ ನೋಡಿ, ನನ್ನ ಕಿವಿಯ ಹತ್ತಿರ ಬಾಗಿದಳು. ಕೊತ್ತಂಬರಿಯ ವಾಸನೆ. "ಉರಿ. ಪಂಡಿತ್ರು ಅಂದಂಗೇ ಕೆಳೀಕೆ ಇಳೀತು. ಎಲ್ಡು ವರ್ಸದಿಂದ ಇಲ್ದೇ ಇದ್ದಿದ್ದು ಮತ್ತೆ ಕಾಣಿಸ್ಕೊಂಡೈತೆ. ಇವತ್ತಿಗೆ ಎಂಟು ದಿನ. ಕೆಟ್ಟದ್ದೆಲ್ಲ ಓಗ್ಬುಡ್ಲಿ, ಅಲ್ವಾ?"

ಆ 'ಅಲ್ವಾ' ಎಂದ ಮೇಲೆ ಅವಳು ತಲೆ ಎತ್ತಲಿಲ್ಲ. ನನ್ನ ಮುಖವನ್ನೇ ಕೆಳಗಿನಿಂದ ನೋಡುತ್ತ ನಿಂತಳು. ಬೆಂಚಿನ ಮೇಲೆ ಮೂವರು ಹೆಂಗಸರು ಕಿವಿ ನಿಮಿರಿಸಿದ್ದರು. ನನಗೆ ಆ ಮಾತು ಅಲ್ಲಿಗೆ ಮುಗಿದರೆ ಸಾಕಿತ್ತು. ನಕ್ಕು, "ಒಳ್ಳೇದಾಯ್ತು ಬಿಡಿ ಪಿಳ್ಳಮ್ಮ, ನಿಮಗೆ ಔಷಧಿ ಒಗ್ಗಿದೆ" ಎಂದೆ. ಅವಳ ಭುಜ ಸಡಿಲವಾಯಿತು. ಅವಳೂ ನಕ್ಕಳು.

ಒಳಗೆ ಹೋಗಿ, "ಪಿಳ್ಳಮ್ಮನಿಗೆ ಅನುಕೂಲ ಆಗಿದೆಯಂತೆ" ಎಂದೆ. ಅಷ್ಟೇ. ಎರಡು ವರ್ಷ ಎಂಬ ಮಾತು ಪರದೆ ದಾಟಲಿಲ್ಲ. ಪಂಡಿತರು ಬೆಂಚಿಗೆ ಕೇಳುವಂತೆ "ನೋಡಿದ್ರಾ!" ಎಂದರು. ನಾನು ಸಕ್ಕರೆಯನ್ನು ಡಬ್ಬಿಗೆ ಸುರಿದು, 'ಪಿಳ್ಳಮ್ಮ, ಹೆಬ್ಬಾಳ, ಗುಣ' ಎಂದು ಬರೆದೆ. ಆ ದಿನದ ಕಾಫಿಗೆ ನಾನು ಒಂದು ಚಮಚ ಹೆಚ್ಚೇ ಸಕ್ಕರೆ ಹಾಕಿದ್ದೆ.

ಮುಂದಿನ ಏಳು ತಿಂಗಳು ನಾನು ನೋಡಿದ್ದನ್ನು ಇಲ್ಲಿ ಬರೆಯಲೇಬೇಕು. ಹಳದಿ, ತಿಳಿ ಹಸಿರು ಉಡುತ್ತಿದ್ದವಳು ಗಾಢ ಕೆಂಪು, ಕಪ್ಪು ಸೀರೆಗಳಿಗೇ ಅಂಟಿಕೊಂಡಳು. ಕಟ್ಟೆಯ ಮೇಲೆ ಕೂರುವ ಮೊದಲು ಗೋಣಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಳ್ಳುತ್ತಿದ್ದಳು. ಎದ್ದ ಮೇಲೆ ಹಿಂದಿರುಗಿ ಕಟ್ಟೆಯನ್ನು ನೋಡುತ್ತಿದ್ದಳು. ಬುಟ್ಟಿ ಎತ್ತಿಕೊಡಲು ಇನ್ನೊಬ್ಬರು ಬೇಕಾಯಿತು. ಮೊದಲೆಂದೂ ಮುಡಿಯದವಳು ಒಂದು ಮೊಳ ಮರುಗವನ್ನು ಮುಡಿಯುತ್ತಿದ್ದಳು. ಆ ಮರುಗದ ಅಡಿಯಲ್ಲಿ ಇನ್ನೊಂದು ವಾಸನೆ ಇರುತ್ತಿತ್ತು. ಉಗುರುಗಳು ಬಿಳಿಚಿದ್ದವು. ಹೆಬ್ಬೆರಳಿನ ಹಸಿರು ಕಲೆ ಆ ಬಿಳುಪಿನಲ್ಲಿ ಇನ್ನೂ ಎದ್ದು ಕಾಣುತ್ತಿತ್ತು. ನಾನು ಪ್ರತಿಯೊಂದನ್ನೂ ನೋಡಿದೆ. "ಸುಸ್ತಾ ಪಿಳ್ಳಮ್ಮ?" ಎಂದು ಕೇಳುತ್ತಿದ್ದೆ. "ಬಿಸ್ಲು ಕಣಮ್ಮಣ್ಣಿ" ಎನ್ನುತ್ತಿದ್ದಳು. ಬಾಟಲಿ ತುಂಬಿ ಕೊಡುತ್ತಿದ್ದೆ. ಅಕ್ಕಪಕ್ಕದವರ ಬಗ್ಗೆ ಕೆದಕಿ ಕೇಳುವುದು ಅಸಭ್ಯ ಎಂದು ನನಗೆ ಕಲಿಸಿದ್ದರು. ನಾನು ಆ ಪಾಠದಲ್ಲಿ ಜಾಣೆ.

ಆ ಸಭ್ಯತೆಯನ್ನು ಮುರಿದದ್ದು ಮೆಹರುನ್ನೀಸಾ. ಆಕೆ ನಮ್ಮ ಹಿಂದಿನ ಬೀದಿಯವರು, ಸರ್ಕಾರಿ ಆಸ್ಪತ್ರೆಯೊಂದರ ಹೆಂಗಸರ ವಾರ್ಡಿನಲ್ಲಿ ಆಯಾ ಆಗಿದ್ದವರು. ಪಂಡಿತರು ಯಶವಂತಪುರಕ್ಕೆ ಹೋಗಿದ್ದ ಒಂದು ದಿನ ತಮ್ಮ ಮಂಡಿನೋವಿನ ಎಣ್ಣೆಗೆ ಬಂದು ಬೆಂಚಿನ ಮೇಲೆ ಕೂತಿದ್ದಾಗ, ಪಿಳ್ಳಮ್ಮ ಬಾಟಲಿ ಇಟ್ಟು ಗೋಡೆ ಹಿಡಿದುಕೊಂಡಳು. ಮೆಹರುನ್ನೀಸಾ ಒಂದೇ ಸಲ ಮೂಗು ಎತ್ತಿ ಉಸಿರೆಳೆದರು. ಮರುಗದ ಬಗ್ಗೆ ಏನೂ ಹೇಳಲಿಲ್ಲ. ಎದ್ದು ಅವಳ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದರು.

"ಹೋಗ್ತಿದೆಯಾ?" ಎಂದು ಎಲ್ಲರೆದುರೇ ಕೇಳಿದರು.

"ಊಂ."

"ನಿಂತಿತ್ತಾ ಮೊದ್ಲು?"

"ಎಲ್ಡು ವರ್ಸ."

"ಯಾ ಅಲ್ಲಾ." ಅವರು ನನ್ನ ಕಡೆ ತಿರುಗಿದರು. "ಟೀಚರಮ್ಮ ಥರ ಕೂತಿದ್ದೀರಲ್ರೀ, ಇಷ್ಟು ಕೇಳಕ್ಕೆ ಬಾಯಿಲ್ವಾ ನಿಮಗೆ? ವರ್ಷ ನಿಂತು ಮತ್ತೆ ಬಂದ್ರೆ ಅದು ಒಳ್ಳೇದಲ್ಲ, ಡಾಕ್ಟ್ರಿಗೆ ತೋರಿಸ್ಬೇಕು ಅಂತ ನಮ್ಮ ವಾರ್ಡಲ್ಲಿ ನೆಲ ಒರೆಸೋಳಿಗೂ ಗೊತ್ತು. ಪುಡಿ ಗಿಡಿ ನಕ್ಕೋ, ಬೇಡವೇ ಬೇಡ. ನಡೀ ಅಮ್ಮ, ನಾನು ಕರ್ಕೊಂಡು ಹೋಗ್ತೀನಿ."

ಎಣ್ಣೆಯನ್ನು ಅಲ್ಲೇ ಬಿಟ್ಟು ಅವಳ ಕೈ ಹಿಡಿದು ಬಸ್ಸಿಗೆ ಹತ್ತಿಸಿಕೊಂಡು ಹೋದರು. ಸೊಪ್ಪಿನ ಬುಟ್ಟಿ ಸಂಜೆಯವರೆಗೆ ಕಟ್ಟೆಯ ಮೇಲೆಯೇ ಇತ್ತು. ಗರ್ಭಕೋಶದ ಕ್ಯಾನ್ಸರ್, ಅಕ್ಕಪಕ್ಕಕ್ಕೂ ಹರಡಿದೆ, ಕೊಯ್ಯುವ ಹಂತ ದಾಟಿದೆ ಎಂದು ವಾರದ ನಂತರ ತಿಳಿಯಿತು. ಮೊದಲ ಸಲ ಕಂಡಾಗಲೇ ತಂದಿದ್ದರೆ ತೆಗೆಯಬಹುದಿತ್ತು ಎಂದು ಡಾಕ್ಟರು ಹೇಳಿದರಂತೆ. ಮೊದಲ ಸಲ ಕಂಡಾಗ ಅವಳು ನನ್ನ ಹತ್ತಿರವೇ ಬಂದಿದ್ದಳು, ಸಕ್ಕರೆ ಹಿಡಿದುಕೊಂಡು.

ಪಂಡಿತರಿಗೆ ನಾನೇ ಹೇಳಿದೆ. ಪರದೆಯ ಒಳಗೆ ನಿಂತು, ಮೊದಲ ಬಾರಿಗೆ ಒಂದು ಮಾತನ್ನೂ ಸಣ್ಣದು ಮಾಡದೆ ಹೇಳಿದೆ. ತಕ್ಕಡಿಯಲ್ಲಿದ್ದ ಪುಡಿ ಅವರ ಕೈಯಿಂದ ಚೆಲ್ಲಿತು.

"ಎರಡು ವರ್ಷ ನಿಂತಿತ್ತಾ? ನೀವು ಹೇಳಲೇ ಇಲ್ಲವಲ್ಲ ಸುಶೀಲಮ್ಮನವರೇ."

"ಅನುಕೂಲ ಆಗಿದೆ ಅಂದೆ."

"ವರ್ಷ ನಿಂತು ಮತ್ತೆ ಕಂಡರೆ ಅದು ನಮ್ಮ ಕೈಲಿರೋದಲ್ಲ, ಆ ದಿನವೇ ಆಸ್ಪತ್ರೆಗೆ ಕಳಿಸು ಅಂತ ನಮ್ಮಪ್ಪ ಹೇಳಿಕೊಟ್ಟಿದ್ದರು. ನಮ್ಮಾಕೆ ಎಲ್ಲರಿಗೂ ಅದನ್ನೇ ಮೊದಲು ಕೇಳೋಳು."

"ನನಗೆ ನೀವು ಹೇಳಿಕೊಡಲಿಲ್ಲವಲ್ಲ ಪಂಡಿತರೇ."

ಅವರು ಚೆಲ್ಲಿದ ಪುಡಿಯನ್ನು ಗುಡಿಸಿದರು. ಆಮೇಲೆ, "ಬೇರೆ ಮನೆಯ ಹೆಣ್ಣುಮಗಳು ನೀವು. ಅಂಥ ಮಾತು ನಾನು ಹೇಗೆ ಆಡಲಿ?" ಎಂದರು.

ಅವರು ಕೆಟ್ಟವರಲ್ಲ. ನಾನೂ ಕೆಟ್ಟವಳಲ್ಲ. ಇಬ್ಬರು ಮರ್ಯಾದಸ್ಥರು ಒಂದು ಪರದೆಯ ಆಚೆ ಈಚೆ ಇದ್ದೆವು.

ಪಿಳ್ಳಮ್ಮನನ್ನು ನೋಡಲು ಒಂದು ಮಧ್ಯಾಹ್ನ ಮೆಹರುನ್ನೀಸಾ ಜೊತೆ ಆಸ್ಪತ್ರೆಗೆ ಹೋದೆ. ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಡುತ್ತಿದ್ದರು. ಕಿವಿಯ ಓಲೆ ತೆಗೆದಿದ್ದರು, ಹೆಬ್ಬೆರಳಿನ ಕಲೆ ಮಾಸಿತ್ತು. ಕಬ್ಬಿಣದ ಮಂಚದ ಪಕ್ಕದ ಸ್ಟೂಲಿನ ಮೇಲೆ ನಮ್ಮ ಬಾಟಲಿ, ಅದರಲ್ಲಿ ಕುಡಿಯುವ ನೀರು.

"ಅಮ್ಮಣ್ಣಿ, ಇವರು ಸುಡ್ತಾರೆ ಕಣ್ರೀ. ಆ ಪುಡೀನೇ ಕೊಡಿ. ಅದ್ರಲ್ಲಿ ನಿದ್ದೆ ಬತ್ತಿತ್ತು."

ಮೆಹರುನ್ನೀಸಾ ಕಿಟಕಿಯ ಕಡೆ ಹೋದರು. ನಾನು ಅವಳ ಕೈ ಹಿಡಿದುಕೊಂಡೆ. ಹೇಳಬೇಕೆಂದು ಬಸ್ಸಿನಲ್ಲಿ ನೂರು ಸಲ ಜೋಡಿಸಿಕೊಂಡಿದ್ದ ಮಾತನ್ನು ಹೇಳಿದೆ. "ಪಿಳ್ಳಮ್ಮ, ಆ ಸಕ್ಕರೆ ತಂದ ದಿನ ನಾನು ನಿಮ್ಮನ್ನ ಇಲ್ಲಿಗೆ ಕಳಿಸಬೇಕಿತ್ತು."

ಅವಳು ಮೇಲಿನ ಫ್ಯಾನು ನೋಡುತ್ತ ಮಲಗಿದ್ದಳು. "ಅವತ್ತು ನಂಗೆ ಭಯ ಆಗಿತ್ತು" ಎಂದಳು. "ಓದಿದೋರು, ಅಮ್ಮಣ್ಣೀನ ಕೇಳಾನ, ಭಯ ಬೀಳೋದಾದ್ರೆ ಏಳ್ತಾರೆ ಅಂತ ಬಂದೆ. ಬರಿಗೈಲಿ ಬಂದು ಎಂಗೆ ಕೇಳೋದು ಅಂತ ಸಕ್ಕರೆ ಕಟ್ಕೊಂಡೆ. ನೀವು ನಕ್ಬುಟ್ರಿ. ಸರಿ, ಅಂಗಾದ್ರೆ ಏನಿಲ್ಲ ಅಂತ ಓದೆ."

ಅವಳ ದನಿಯಲ್ಲಿ ಆಕ್ಷೇಪವಿರಲಿಲ್ಲ. ಇದ್ದಿದ್ದರೆ ನನಗೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ಶ್ರಾವಣ ಬರುವ ಮೊದಲು ಅವಳು ಹೋದಳು.

ಕೆಲಸ ಬಿಡುತ್ತೇನೆ ಎಂದೆ. ಪಂಡಿತರು, "ಬಿಟ್ಟರೆ ಮುಂದಿನವಳು ಕೇಳ್ತಾಳಾ?" ಎಂದರು. ಉಳಿದೆ. ಸಕ್ಕರೆಯ ಡಬ್ಬಿಯನ್ನು ತೆಗೆಸಿದೆ. ಪರದೆಯನ್ನು ತೆಗೆಸಲು ಆಗಲಿಲ್ಲ, ಹೆಂಗಸರೇ ಒಪ್ಪಲಿಲ್ಲ. ಬಂದ ಪ್ರತಿಯೊಬ್ಬಳನ್ನೂ 'ನಿಂತು ಎಷ್ಟು ಕಾಲವಾಯಿತು, ಆಮೇಲೆ ಮತ್ತೆ ಕಂಡಿತೇ' ಎಂದು ಕೇಳತೊಡಗಿದೆ. ಈ ಪ್ರಶ್ನೆಯಿಂದ ಎಷ್ಟೋ ಜೀವ ಉಳಿಯಿತು ಎಂದು ಬರೆಯಲು ನನಗೂ ಆಸೆ. ನಾನು ಕಂಡದ್ದು ಅದಲ್ಲ. ಕೆಲವರು ಮುಖ ಕೆಂಪಾಗಿ ಎದ್ದು ಹೋದರು. ಒಬ್ಬಾಕೆ, "ಕಾನ್ವೆಂಟಲ್ಲಿ ಇದನ್ನೇ ಕಲಿಸಿದ್ರಾ?" ಎಂದು ಚುಚ್ಚಿದರು. ಹಲವರು 'ಇಲ್ಲ' ಎಂದರು, ಆ ಇಲ್ಲ ನಿಜವೋ ನಾಚಿಕೆಯೋ ತಿಳಿಯಲಿಲ್ಲ. ಇಬ್ಬರು 'ಹೌದು' ಎಂದರು, ಆಸ್ಪತ್ರೆಗೆ ಹೋಗಿ ಎಂದು ಚೀಟಿ ಬರೆದುಕೊಟ್ಟೆ. ಇಬ್ಬರೂ ಮತ್ತೆ ಅಂಗಡಿಯ ಕಡೆ ಬರಲಿಲ್ಲ. ಹೋದರೋ, ಚೀಟಿ ಹರಿದರೋ ಗೊತ್ತಿಲ್ಲ.

ಎಂಬತ್ತರ ನಂತರ ಕೆಲಸದ ರೀತಿಯೇ ಬದಲಾಯಿತು. ಡ್ರಾಯರುಗಳು ಖಾಲಿಯಾಗಿ ಅದೇ ಬೇರು ಕ್ಯಾಪ್ಸೂಲಿನೊಳಗೆ ಬಂತು. ಜೊತೆಗೆ ಇಂಗ್ಲಿಷಿನಲ್ಲಿ ಅಚ್ಚಾದ ಚೀಟಿ, ನಗುವ ಹೆಂಗಸಿನ ಚಿತ್ರ. ಚೀಟಿಯಲ್ಲಿ ಎಲ್ಲ ಇರುತ್ತಿತ್ತು, ನನ್ನ ಪ್ರಶ್ನೆಯೊಂದು ಬಿಟ್ಟು. ಕ್ಯಾಪ್ಸೂಲು ಕೊಳ್ಳುವವರು ಬೆಂಚಿನ ಮೇಲೆ ಕೂರುವುದನ್ನೇ ಬಿಟ್ಟರು. ನಿಂತಲ್ಲೇ ಹೆಸರು ಹೇಳಿ, ತೆಗೆದುಕೊಂಡು ಹೋಗುವರು. ಕೇಳುವ ಬಾಯಿ ನನಗೆ ಬಂದಾಗ ಕೇಳಿಸಿಕೊಳ್ಳುವ ವ್ಯವಧಾನ ಅವರಿಗೆ ಹೋಗಿತ್ತು.

ನನ್ನ ಕೊನೆಯ ವರ್ಷದಲ್ಲಿ ಒಂದು ಮಧ್ಯಾಹ್ನ ನಲವತ್ತೆಂಟು ಐವತ್ತರ ಹೆಂಗಸೊಬ್ಬಳು ಕಟ್ಟೆಯ ಹತ್ತಿರ ಬಂದು ನಿಂತಳು. ಬಲಗಾಲನ್ನು ಸ್ವಲ್ಪ ಹೊರಕ್ಕೆ ಹಾಕಿ ನಡೆದು ಬಂದಿದ್ದಳು. ಅದು ಪಿಳ್ಳಮ್ಮನ ನಡಿಗೆ. ಅಗಲ ಬಾಯಿಯ ಒಂದು ಬಾಟಲಿಯನ್ನು ಒಳಗೆ ತಂದು ನನ್ನ ಮೇಜಿನ ಮೇಲೆ ಇಟ್ಟಳು. ಚೆನ್ನಾಗಿ ತೊಳೆದಿತ್ತು.

"ನಮ್ಮಕ್ಕ ಇಲ್ಲಿಂದ ತಕ್ಕೊಂಡೋಗೋಳು. ಎಬ್ಬಾಳದ ಪಿಳ್ಳಮ್ಮ. ಅವಳಿಗೆ ಕೊಟ್ಟಿದ್ದೇ ಕೊಡಿ. ಈ ಪುಡೀಲಿ ಸೆಂದಾಗಿದ್ಲು, ಆಸ್ಪತ್ರೇಲಿ ಕರೆಂಟಿಟ್ಟು ಕೊಂದಾಕ್ಬುಟ್ರು."

ಬೆಂಚಿನ ಮೇಲೆ ಇಬ್ಬರಿದ್ದರು. ನಾನು ಎದ್ದು ಅವಳ ಹತ್ತಿರ ಹೋದೆ. "ನಿಮ್ಮಕ್ಕನ್ನ ಕೊಂದದ್ದು ಆಸ್ಪತ್ರೆ ಅಲ್ಲಮ್ಮ. ಅವರು ಆಸ್ಪತ್ರೆಗೆ ಹೋಗಿದ್ದು ತಡವಾಯ್ತು. ನಾನು ತಡ ಮಾಡಿದ್ದು. ಕೂತ್ಕೊಳ್ಳಿ. ನಿಮಗೆ ನಿಂತು ಎಷ್ಟು ಕಾಲ ಆಯ್ತು? ಆಮೇಲೆ ಮತ್ತೆ ಏನಾದ್ರೂ ಕಾಣಿಸ್ತಾ?"

ಅವಳು ಬೆಂಚಿನವರನ್ನು ನೋಡಿದಳು. ಕತ್ತಿನವರೆಗೆ ಕೆಂಪೇರಿದಳು. ಅವಳ ಕೈ ಸೆರಗನ್ನು ಹಿಂದಕ್ಕೆ, ಸೊಂಟದ ಸುತ್ತ ಎಳೆದುಕೊಂಡಿತು. ಸೀರೆ ಗಾಢ ಕೆಂಪು.

"ಅದೆಲ್ಲ ಯಾಕಮ್ಮ ನಿಮಗೆ? ಔಸ್ದಿ ಐತಾ ಇಲ್ವಾ, ಅಷ್ಟು ಏಳಿ."

"ಕೊಡಲ್ಲ. ನನ್ನ ಜೊತೆ ಬನ್ನಿ, ಈಗಲೇ ಡಾಕ್ಟರ ಹತ್ತಿರ ಹೋಗೋಣ."

"ನಮ್ಮಕ್ಕ ಏಳ್ತಿದ್ದೋರು ನೀವಲ್ಲ ಬುಡಿ" ಎಂದಳು. "ಅವಳು ಏಳ್ತಿದ್ದ ಅಮ್ಮಣ್ಣಿ ಬಲೇ ಸಾಧು. ಒಂದು ಮಾತು ಕೆದಕಿ ಕೇಳ್ತಿರ್ಲಿಲ್ವಂತೆ."

ಬಾಟಲಿ ಎತ್ತಿಕೊಂಡು ಹೊರಟಳು. ನಾನು ಚಪ್ಪಲಿಯಿಲ್ಲದೆ ರಸ್ತೆಯವರೆಗೆ ಓಡಿದೆ. ಯಲಹಂಕದ ಕಡೆಯ ಬಸ್ಸು ನಿಂತಿತ್ತು. ಅವಳು ಕಂಬಿ ಹಿಡಿದು ಹತ್ತಿ, ಸೀಟಿದ್ದರೂ ಕೂರದೆ ನಿಂತಳು. ಬಸ್ಸು ಹೊರಟಿತು. ಕೂಗಿ ಕರೆಯಲು ಬಾಯಿ ತೆರೆದೆ. ಆಗ ತಿಳಿಯಿತು, ಅವಳ ಹೆಸರನ್ನು ನಾನು ಕೇಳಿರಲಿಲ್ಲ.